ಮಗುವಿನ ಮನಸ್ಸಿಗೆ ರಕ್ತ ಪರೀಕ್ಷೆ ಉಂಟೇ?

ಕೆಲವು ತಿಂಗಳ ಹಿಂದೆ ಆಲೂರು ಕಡೆಯ ಕಾಫಿ ಬೆಳೆಗಾರರೊಬ್ಬರು ಮಗನನ್ನು ಕರೆದುಕೊಂಡು ನನ್ನ ಚಿಕಿತ್ಸಾಲಯಕ್ಕೆ ಬಂದರು. ಹುಡುಗ ಪಿಯುಸಿ ಮೊದಲ ವರ್ಷದವನು. ಅವನನ್ನು ಹೊರಗಿನ ಬೆಂಚಿನ ಮೇಲೆ ಕೂರಿಸಿ ತಂದೆ ಒಬ್ಬರೇ ಒಳಗೆ ಬಂದರು. ಬಾಗಿಲು ಸರಿಯಾಗಿ ಮುಚ್ಚಿದೆಯೇ ಎಂದು ಎರಡು ಸಲ ತಿರುಗಿ ನೋಡಿ, ಜೇಬಿನಿಂದ ಮಡಿಸಿದ ಪತ್ರಿಕೆಯ ತುಂಡೊಂದನ್ನು ತೆಗೆದು ಮೇಜಿನ ಮೇಲಿಟ್ಟರು.

'ಡಾಕ್ಟ್ರೇ, ಮಕ್ಳು ಜೀವಕ್ಕೇನಾದ್ರೂ ಮಾಡ್ಕೋತಾರಾ ಅಂತ ರಕ್ತದಲ್ಲೇ ಗೊತ್ತಾಗುತ್ತಂತೆ. ಇದ್ರಲ್ಲಿ ಬರ್ದಿದಾರೆ. ನಮ್ಮ ಹುಡುಗಂಗೆ ಅದೊಂದು ಮಾಡಿಸಿಬಿಡಿ. ಖರ್ಚು ಎಷ್ಟಾದ್ರೂ ಆಗ್ಲಿ.'

ಅವರ ಕೈ ನಡುಗುತ್ತಿತ್ತು. ಪಕ್ಕದ ಊರಿನಲ್ಲಿ ಪರೀಕ್ಷೆಯ ಫಲಿತಾಂಶ ಬಂದ ವಾರದಲ್ಲಿ ಒಂದು ಸಾವು ಸಂಭವಿಸಿತ್ತು. ಅಂದಿನಿಂದ ಈ ತಂದೆಗೆ ನಿದ್ದೆ ಇಲ್ಲ. ಅವರಿಗೆ ನಾನು ಕೊಟ್ಟ ಉತ್ತರವನ್ನೇ ಈ ವಾರ ಸ್ವಲ್ಪ ವಿಸ್ತರಿಸಿ ಬರೆಯುತ್ತಿದ್ದೇನೆ. ಇಂಥದೇ ಪ್ರಶ್ನೆ ಮನಸ್ಸಿನಲ್ಲಿದ್ದೂ ಕೇಳಲು ಹಿಂಜರಿಯುವ ತಂದೆತಾಯಿಯರು ಎಷ್ಟೋ ಮಂದಿ ಇರುತ್ತಾರೆ. (ಇಲ್ಲಿ ಬರುವವರ ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ.)

ಮೊದಲು ನೇರ ಉತ್ತರ. ನಂಬಬಹುದಾದ ಅಂಥ ರಕ್ತ ಪರೀಕ್ಷೆ ಇಂದು ಇಲ್ಲ. ಹಾಸನದಲ್ಲಿಲ್ಲ, ಬೆಂಗಳೂರಿನಲ್ಲಿಲ್ಲ, ಅಮೆರಿಕದಲ್ಲೂ ಇಲ್ಲ. ಹಾಗೆಂದು ಪತ್ರಿಕೆಯ ಆ ತುಂಡಿನಲ್ಲಿದ್ದದ್ದು ಕಟ್ಟುಕಥೆಯೇನೂ ಅಲ್ಲ. ವಿಜ್ಞಾನಿಗಳು ಅದರ ಬೆನ್ನು ಹತ್ತಿ ಐವತ್ತು ವರ್ಷವೇ ಆಗಿದೆ.

ಮಿದುಳಿನಲ್ಲಿ ಸಿಕ್ಕ ಗುರುತುಗಳು

ಸಕ್ಕರೆ ಕಾಯಿಲೆಗೆ ರಕ್ತದ ಸಕ್ಕರೆ, ಕಾಮಾಲೆಗೆ ಬಿಲಿರುಬಿನ್ ಇದ್ದಂತೆ, ಒಂದು ಕಾಯಿಲೆಯನ್ನು ಅಥವಾ ಅಪಾಯವನ್ನು ತೋರಿಸಿಕೊಡುವ ದೇಹದ ಅಳತೆಗೆ ಜೈವಿಕ ಸೂಚಕ ಎನ್ನುತ್ತಾರೆ. ಮನಸ್ಸಿನ ಸಂಕಟಕ್ಕೂ ಇಂಥ ಸೂಚಕ ಇರಬಹುದೆಂಬುದಕ್ಕೆ ಮೊದಲ ಗಟ್ಟಿ ಸುಳಿವು ದೊರೆತದ್ದು 1976ರಲ್ಲಿ, ಸ್ವೀಡನ್ನಿನ ಸ್ಟಾಕ್‌ಹೋಮ್‌ನಲ್ಲಿ. ಮಾರಿ ಓಸ್‌ಬರ್ಗ್ ಎಂಬ ಮನೋವೈದ್ಯೆ ಮತ್ತು ಅವರ ಸಂಗಡಿಗರು ಖಿನ್ನತೆಯ ರೋಗಿಗಳ ಬೆನ್ನುಹುರಿಯ ದ್ರವವನ್ನು, ಅಂದರೆ ನಮ್ಮ ಜನ 'ಬೆನ್ನಿನ ನೀರು' ಎನ್ನುವುದನ್ನು, ಪರೀಕ್ಷಿಸಿದರು. ಸೆರೊಟೋನಿನ್ ಎಂಬ ರಾಸಾಯನಿಕ ಮಿದುಳಿನಲ್ಲಿ ಒಂದು ನರಕೋಶದಿಂದ ಇನ್ನೊಂದಕ್ಕೆ ಸುದ್ದಿ ಮುಟ್ಟಿಸುತ್ತದೆ. ಅದು ಬಳಕೆಯಾದ ಮೇಲೆ ಉಳಿಯುವ ಅಂಶ ಯಾರ ದ್ರವದಲ್ಲಿ ಕಡಿಮೆಯಿತ್ತೋ, ಅವರಲ್ಲಿ ಜೀವ ಕಳೆದುಕೊಳ್ಳುವ ಪ್ರಯತ್ನಗಳು ಹೆಚ್ಚು ಕಂಡುಬಂದವು.

ಅವರೆಲ್ಲ ವಯಸ್ಕರು. ಹದಿಹರೆಯದವರ ವಿಷಯದಲ್ಲಿ ಹೆಚ್ಚು ಕೆಲಸ ಮಾಡಿದವರು ಶಿಕಾಗೋದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿದ್ದ ಭಾರತೀಯ ಮೂಲದ ಘನಶ್ಯಾಮ ಪಾಂಡೆಯವರು. ಹೀಗೆ ತೀರಿಕೊಂಡ ಹದಿಹರೆಯದವರ ಮಿದುಳನ್ನು, ಬೇರೆ ಕಾರಣಗಳಿಂದ ತೀರಿಕೊಂಡ ಅದೇ ವಯಸ್ಸಿನವರ ಮಿದುಳಿನೊಡನೆ ಅವರು ಹೋಲಿಸಿ ನೋಡಿದರು. ಸೆರೊಟೋನಿನ್ ಬಂದು ಕೂರುವ ಒಂದು ಬಗೆಯ ಗ್ರಾಹಕಗಳು ಹೆಚ್ಚಿರುವುದು 2002ರಲ್ಲಿ, ನರಕೋಶಗಳನ್ನು ಪೋಷಿಸುವ ಒಂದು ಪ್ರೋಟೀನು ಕಡಿಮೆಯಿರುವುದು 2008ರಲ್ಲಿ, ಉರಿಯೂತ ಉಂಟುಮಾಡುವ ಕೆಲವು ಪದಾರ್ಥಗಳು ಹೆಚ್ಚಿರುವುದು 2012ರಲ್ಲಿ ಪ್ರಕಟವಾಯಿತು. ಕೆನಡಾದ ಮ್ಯಾಕ್‌ಗಿಲ್ ವಿಶ್ವವಿದ್ಯಾಲಯದವರು 2009ರಲ್ಲಿ ಇನ್ನೊಂದು ಸಂಗತಿ ತಿಳಿಸಿದರು. ಬಾಲ್ಯದಲ್ಲಿ ದೌರ್ಜನ್ಯಕ್ಕೆ ಒಳಗಾಗಿ ಮುಂದೆ ಹೀಗೆ ತೀರಿಕೊಂಡವರ ಮಿದುಳಿನಲ್ಲಿ, ಒತ್ತಡವನ್ನು ತಗ್ಗಿಸಲು ನೆರವಾಗುವ ಒಂದು ವಂಶವಾಹಿಯ ಮೇಲೆ ರಾಸಾಯನಿಕ ಮುದ್ರೆ ಬಿದ್ದು ಅದರ ಕೆಲಸ ಕುಂದಿತ್ತು. ಮಗುವಾಗಿದ್ದಾಗ ತಿಂದ ಏಟು ಮನಸ್ಸಿನಲ್ಲಿ ಮಾತ್ರವಲ್ಲ, ದೇಹದಲ್ಲೂ ಉಳಿಯುತ್ತದೆ ಎಂಬುದಕ್ಕೆ ಇದು ಪುರಾವೆ. 'ಏಟು ತಿಂದೇ ಬುದ್ಧಿ ಕಲೀಬೇಕು' ಎನ್ನುವ ನಮ್ಮ ಹಿರಿಯರು ಇದನ್ನು ಓದಬೇಕು.

ಬೆಳೆಗಾರರು ತಂದಿದ್ದ ತುಂಡಿನಲ್ಲಿದ್ದದ್ದು ಇಂಡಿಯಾನಾ ವಿಶ್ವವಿದ್ಯಾಲಯದ ಕೆಲಸ. ರಕ್ತದಲ್ಲೇ ಕೆಲವು ವಂಶವಾಹಿಗಳ ಚಟುವಟಿಕೆ ಅಳೆದು ಅಪಾಯವನ್ನು ಗುರುತಿಸಬಹುದೇ ಎಂದು ಅವರು 2013ರಲ್ಲಿ ವರದಿ ಮಾಡಿದರು. ಆದರೆ ಆ ಸೂಚಕಗಳನ್ನು ಮೊದಲು ಹುಡುಕಿದ್ದು ನೂರಕ್ಕೂ ಕಡಿಮೆ ಮಂದಿಯಲ್ಲಿ. ಎಲ್ಲರೂ ಬೆಳೆದ ಗಂಡಸರು, ಉನ್ಮಾದ ಮತ್ತು ಖಿನ್ನತೆ ಸರದಿಯಲ್ಲಿ ಬರುವ ಕಾಯಿಲೆಯವರು. ಅದರ ಆಧಾರದ ಮೇಲೆ ಆಲೂರಿನ ಹದಿನಾರರ ಹುಡುಗನ ಬಗ್ಗೆ ಏನನ್ನೂ ಹೇಳಲಾಗದು.

ಮೈಸೂರಿನ ಮಕ್ಕಳು

ದೂರದ ದೇಶಗಳ ಮಾತಾಯಿತು. ನಮ್ಮ ಹತ್ತಿರದ್ದೇ ಒಂದು ಅಧ್ಯಯನವಿದೆ. ಮೈಸೂರಿನ ಹೋಲ್ಡ್ಸ್‌ವರ್ತ್ ಮೆಮೋರಿಯಲ್ ಆಸ್ಪತ್ರೆಯಲ್ಲಿ, ಹಳಬರು ಮಿಷನ್ ಆಸ್ಪತ್ರೆ ಎನ್ನುವಲ್ಲಿ, 1997-98ರಲ್ಲಿ ಗರ್ಭಿಣಿಯರನ್ನು ನೋಂದಾಯಿಸಿಕೊಂಡು ಅವರಿಗೆ ಹುಟ್ಟಿದ ಮಕ್ಕಳನ್ನು ವರ್ಷಗಟ್ಟಲೆ ಹಿಂಬಾಲಿಸಿದ್ದಾರೆ. ಆ ಮಕ್ಕಳು ಹದಿಮೂರು ದಾಟಿದಾಗ ಅವರಿಗೊಂದು ಪರೀಕ್ಷೆ ಒಡ್ಡಿದರು. ಮುಖದಲ್ಲಿ ನಗುವಿಲ್ಲದ ತೀರ್ಪುಗಾರರ ಮುಂದೆ ನಿಂತು ಮಾತನಾಡಬೇಕು, ಬಾಯಿಲೆಕ್ಕ ಮಾಡಬೇಕು. ಅದಕ್ಕೆ ಮೊದಲು ಮತ್ತು ಅನಂತರ ಮಕ್ಕಳ ಜೊಲ್ಲು ತೆಗೆದು ಅದರಲ್ಲಿ ಕಾರ್ಟಿಸಾಲ್ ಅಳೆದರು. ಮೂತ್ರಪಿಂಡದ ನೆತ್ತಿಯ ಮೇಲಿನ ಗ್ರಂಥಿ ಒತ್ತಡದ ಹೊತ್ತಿನಲ್ಲಿ ಸ್ರವಿಸುವ ಹಾರ್ಮೋನು ಅದು. ನಿರೀಕ್ಷೆಯಂತೆ ಅದು ಏರಿತು.

ನಾಲ್ಕು ಜನರ ಮುಂದೆ ನಿಂತು ಲೆಕ್ಕ ತಪ್ಪುವ ಭಯ ಮಗುವಿನ ಜೊಲ್ಲಿನಲ್ಲೂ ಕಾಣಿಸುತ್ತದೆ ಎಂದರೆ, ಅಂಕಪಟ್ಟಿ ಹಿಡಿದು ನೆಂಟರ ಮುಂದೆ ನಿಲ್ಲುವ ಮಗುವಿನ ಒಳಗೆ ಏನು ನಡೆಯುತ್ತಿರಬಹುದೆಂದು ನೀವೇ ಊಹಿಸಿ. ಆದರೆ ಕಾರ್ಟಿಸಾಲ್ ಏರುವುದು ಕಾಯಿಲೆಯಲ್ಲ. ಬೆದರಿದ ಪ್ರತಿಯೊಬ್ಬರಲ್ಲೂ ಅದು ಏರುತ್ತದೆ. ತೋಟದಲ್ಲಿ ಆನೆ ಎದುರಾದರೆ ನನ್ನಲ್ಲೂ ಏರುತ್ತದೆ. ಹತ್ತು ಮಕ್ಕಳಲ್ಲಿ ಅಪಾಯದಲ್ಲಿರುವವನು ಯಾರು ಎಂದು ಅದು ಬೆರಳು ಮಾಡಿ ತೋರಿಸಲಾರದು.

ಮೈಸೂರಿನ ಈ ಮಕ್ಕಳೂ ಸೇರಿದಂತೆ ದೇಶದ ಏಳು ಕಡೆಗಳ ಸುಮಾರು 9 ಸಾವಿರ ಮಕ್ಕಳು ಮತ್ತು ಯುವಕರನ್ನು ಒಳಗೊಂಡ ದೊಡ್ಡ ಅಧ್ಯಯನವೊಂದನ್ನು ಬೆಂಗಳೂರಿನ ನಿಮ್ಹಾನ್ಸ್ ಬ್ರಿಟನ್ನಿನ ವಿಜ್ಞಾನಿಗಳೊಡನೆ ಕೈಗೊಂಡಿದೆ. ಮನೆಯ ವಾತಾವರಣ, ಆಹಾರ, ಪರಿಸರ, ವಂಶವಾಹಿ ಇವೆಲ್ಲ ಸೇರಿ ಎಳೆಯ ಮನಸ್ಸನ್ನು ಹೇಗೆ ರೂಪಿಸುತ್ತವೆ ಎಂಬುದು ಅದರ ವಿಷಯ.

ಒಂದು ಸಣ್ಣ ಲೆಕ್ಕ

'ಪೂರ್ತಿ ಸರಿಯಿಲ್ಲದಿದ್ರೂ ಪರ್ವಾಗಿಲ್ಲ, ಇರೋದನ್ನೇ ಮಾಡಿಸಿ' ಎಂದರು ಆ ತಂದೆ. ನಾನು ಅವರಿಗೆ ಔಷಧಿ ಚೀಟಿಯ ಹಿಂದೆ ಒಂದು ಲೆಕ್ಕ ಬರೆದು ತೋರಿಸಿದೆ. ಉದಾಹರಣೆಗೆಂದು ಹಾಕಿಕೊಂಡ ಅಂಕಿಗಳು ಇವು.

ಹತ್ತು ಸಾವಿರ ಮಕ್ಕಳಿದ್ದಾರೆ ಎಂದುಕೊಳ್ಳಿ. ಅವರಲ್ಲಿ ನಿಜವಾಗಿ ತೀವ್ರ ಅಪಾಯದಲ್ಲಿರುವವರು ಹತ್ತು ಮಂದಿ. ನೂರಕ್ಕೆ ತೊಂಬತ್ತು ಸಲ ಸರಿ ಹೇಳುವ ಬಹಳ ಒಳ್ಳೆಯ ಪರೀಕ್ಷೆಯೊಂದು ನಮ್ಮ ಕೈಯಲ್ಲಿದೆ ಎಂದೇ ಭಾವಿಸೋಣ. ಅದು ಆ ಹತ್ತರಲ್ಲಿ ಒಂಬತ್ತು ಮಂದಿಯನ್ನು ಹಿಡಿಯುತ್ತದೆ, ಒಬ್ಬನಿಗೆ 'ಏನೂ ಇಲ್ಲ' ಎಂದು ಹೇಳಿ ಮನೆಗೆ ಕಳುಹಿಸುತ್ತದೆ. ಉಳಿದ 9,990 ಮಕ್ಕಳಲ್ಲಿ ಹತ್ತನೇ ಒಂದು ಭಾಗಕ್ಕೆ, ಅಂದರೆ 999 ಮಕ್ಕಳಿಗೆ, ಇಲ್ಲದ ಅಪಾಯದ ಹಣೆಪಟ್ಟಿ ಕಟ್ಟುತ್ತದೆ. ಒಟ್ಟು 1,008 ಮಂದಿಗೆ 'ಅಪಾಯ' ಎಂದು ಚೀಟಿ ಬಂತು, ನಿಜವಾದದ್ದು ಒಂಬತ್ತೇ. ಆ ಸಾವಿರ ಮನೆಗಳಲ್ಲಿ ಆ ರಾತ್ರಿ ಏನು ನಡೆದೀತು? ಚೀಟಿ ಬಾರದೆ ಉಳಿದ ಆ ಒಬ್ಬನ ಮನೆಯಲ್ಲಿ ಏನು ನಡೆದೀತು?

ಇಂದಿನ ಯಾವ ಸೂಚಕವೂ ಅಷ್ಟು ಚೆನ್ನಾಗಿಯೂ ಇಲ್ಲ. ಐವತ್ತು ವರ್ಷಗಳ 365 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ ಅಮೆರಿಕದ ಸಂಶೋಧಕರು 2017ರಲ್ಲಿ ಬರೆದದ್ದೇನೆಂದರೆ, ಯಾವುದೇ ಒಂದು ಅಂಶವನ್ನು ಹಿಡಿದು ಇಂಥವರೇ ಹೀಗೆ ಮಾಡಿಕೊಳ್ಳುತ್ತಾರೆಂದು ಊಹಿಸುವುದು ನಾಣ್ಯ ಚಿಮ್ಮಿ ಹೇಳುವುದಕ್ಕಿಂತ ಹೆಚ್ಚೇನೂ ಉತ್ತಮವಲ್ಲ ಎಂದು.

ಹಾಗಾದರೆ ರಕ್ತ ಪರೀಕ್ಷೆಯೇ ಬೇಡವೇ? ಬೇಕು, ಬೇರೆ ಕಾರಣಕ್ಕೆ. ಸದಾ ಸುಸ್ತು, ಬೇಸರ, ಓದಿನಲ್ಲಿ ಗಮನವಿಲ್ಲ ಎಂದು ಬರುವ ಮಕ್ಕಳಿಗೆ ನಾನು ಹಿಮೋಗ್ಲೋಬಿನ್, ಥೈರಾಯ್ಡ್ ಮತ್ತು ಅಗತ್ಯವೆನಿಸಿದರೆ ಬಿ12 ಜೀವಸತ್ವ ನೋಡುತ್ತೇನೆ. ರಕ್ತಹೀನತೆಯೂ ಥೈರಾಯ್ಡ್ ಕೊರತೆಯೂ ಖಿನ್ನತೆಯ ವೇಷ ಹಾಕಿಕೊಂಡು ಬರಬಲ್ಲವು. ಬಿ12 ಕೊರತೆ ನಮ್ಮ ಸೀಮೆಯಲ್ಲಿ ಅಪರೂಪವಲ್ಲ. ಮೈಸೂರಿನ ಅದೇ ಅಧ್ಯಯನದ ತಾಯಂದಿರಲ್ಲಿ ಹತ್ತರಲ್ಲಿ ನಾಲ್ವರಿಗೂ ಹೆಚ್ಚು ಮಂದಿಗೆ ಅದು ಕಡಿಮೆಯಿತ್ತು. ಇವಕ್ಕೆಲ್ಲ ಮದ್ದುಂಟು. ಆದರೆ ಇವು ಸರಿಯಿದ್ದ ಮಾತ್ರಕ್ಕೆ ಮಗು ಸರಿಯಿದೆ ಎಂದಲ್ಲ. ಈ ಪಾಠವನ್ನು ನಾನು ಪುಸ್ತಕದಲ್ಲಿ ಕಲಿಯಲಿಲ್ಲ.

ನಾನು ಕೇಳದ ಪ್ರಶ್ನೆ

ನಾನು ವೃತ್ತಿ ಆರಂಭಿಸಿದ ದಿನಗಳು. ಸಕಲೇಶಪುರದ ಆಚೆಯ ಒಂದು ಹಳ್ಳಿಯಿಂದ ತಾಯಿಯೊಬ್ಬರು ಹೊಟ್ಟೆನೋವೆಂದು ಮಗನನ್ನು ಕರೆತಂದರು. ಮುಟ್ಟಿ ನೋಡಿದೆ, ಏನೂ ಇಲ್ಲ. ಎರಡನೆಯ ಸಲ ರಕ್ತ, ಮೂತ್ರ ಪರೀಕ್ಷೆ ಮಾಡಿಸಿದೆ. ಮೂರನೆಯ ಸಲ ಹಾಸನಕ್ಕೆ ಕಳುಹಿಸಿ ಸ್ಕ್ಯಾನಿಂಗೂ ಆಯಿತು. 'ಎಲ್ಲಾ ನಾರ್ಮಲ್ ಇದೆಯಮ್ಮಾ, ಹೆದರಬೇಡಿ' ಎಂದು ಗ್ಯಾಸಿನ ಮಾತ್ರೆ ಬರೆದೆ. ಹುಡುಗ ಮೂರು ಸಲವೂ ನನ್ನ ಮುಖ ನೋಡಲಿಲ್ಲ. ಅದನ್ನು ನಾನು ಗಮನಿಸಿದ್ದೆ. ಮಲೆನಾಡಿನ ಹುಡುಗರಿಗೆ ಸಂಕೋಚ ಜಾಸ್ತಿ ಎಂದುಕೊಂಡೆ.

ನಾಲ್ಕನೆಯ ಸಲ ಜೊತೆಗೆ ಅಜ್ಜಿಯೂ ಬಂದಿದ್ದರು. ಹೊರಗೆ ಕಾಯುತ್ತಾ ನಮ್ಮ ಸಿಸ್ಟರ್ ಹತ್ತಿರ ಮಾತಿಗೆ ಮಾತು ಬಂದು, 'ಪಾಪ, ಸೈಕಲ್ಲು, ಬ್ಯಾಟು ಎಲ್ಲಾ ಅತ್ತೆ ಮಗಂಗೆ ಕೊಟ್ಟುಬಿಟ್ಟ ಕಣವ್ವ, ಇನ್ನು ನಂಗ್ಯಾಕೆ ಅಂದ' ಎಂದರಂತೆ. ಸಿಸ್ಟರ್ ಅದನ್ನು ಹಾಗೆಯೇ ಒಳಗೆ ಬಂದು ನನ್ನ ಕಿವಿಯಲ್ಲಿ ಹೇಳಿದರು. ಅಂದು ಮೊದಲ ಬಾರಿಗೆ ತಾಯಿಯನ್ನು ಹೊರಗೆ ಕೂರಿಸಿ, ಹುಡುಗನನ್ನು ಒಬ್ಬನನ್ನೇ ಕೂರಿಸಿಕೊಂಡು ಕೇಳಿದೆ, 'ಬದುಕೋದೇ ಬೇಡ ಅಂತ ಅನ್ಸುತ್ತೇನಪ್ಪಾ?' ಅವನು ಬಹಳ ಹೊತ್ತು ಸುಮ್ಮನಿದ್ದು ತಲೆಯಾಡಿಸಿದ. ಆಮೇಲೆ ಅತ್ತ. ಹಾಸ್ಟೆಲಿನಲ್ಲಿ ದೊಡ್ಡ ಹುಡುಗರು ಕೊಡುತ್ತಿದ್ದ ಹಿಂಸೆಯನ್ನು ಅವನು ಯಾರಿಗೂ ಹೇಳಿರಲಿಲ್ಲ, ಯಾರೂ ಕೇಳಿರಲಿಲ್ಲ. ಆತ ಈಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ, ಮಗುವಿನ ತಂದೆ. ಮೂರು ಭೇಟಿ, ಒಂದು ಸ್ಕ್ಯಾನಿಂಗು ಹೇಳದ್ದನ್ನು ಅಜ್ಜಿಯ ಒಂದು ಮಾತು ಹೇಳಿತು. ಆ ಮಾತು ಸಿಸ್ಟರ್ ಕಿವಿಗೆ ಬೀಳದೇ ಇದ್ದಿದ್ದರೆ ಎಂಬ ಯೋಚನೆ ನನ್ನನ್ನು ಇನ್ನೂ ಬಿಟ್ಟಿಲ್ಲ.

ಮನೆಯವರ ಕಣ್ಣಿಗೆ ಬೀಳುವ ಸೂಚಕಗಳು

ಪ್ರಯೋಗಾಲಯಕ್ಕೆ ಕಾಣದಿದ್ದರೂ ಮನೆಯಲ್ಲಿ ಕಾಣುವ ಗುರುತುಗಳಿವೆ. ಎಲ್ಲಕ್ಕಿಂತ ಮೊದಲು ನಿದ್ದೆ. ರಾತ್ರಿ ಎರಡಕ್ಕೆ ಎದ್ದು ಕೂರುವುದು, ಇಲ್ಲವೇ ಇಡೀ ದಿನ ಮಲಗಿಯೇ ಇರುವುದು, ಅದೂ ಎರಡು ವಾರ ಮೀರಿ ಹಾಗೇ ನಡೆದರೆ ಅಲಕ್ಷಿಸಬೇಡಿ. ಅನಂತರ ಊಟ. ತಟ್ಟೆಯಲ್ಲಿ ಮುದ್ದೆ ಹಾಗೇ ಉಳಿಯುತ್ತಿದೆಯೇ, ಲಂಗ ಪ್ಯಾಂಟು ಸಡಿಲವಾಗುತ್ತಿವೆಯೇ? ದೊಡ್ಡವರ ಖಿನ್ನತೆ ಅಳುವಿನಲ್ಲಿ ಕಂಡರೆ ಈ ವಯಸ್ಸಿನವರದು ಅನೇಕ ವೇಳೆ ಸಿಟ್ಟಿನಲ್ಲಿ ಕಾಣುತ್ತದೆ. 'ಮಾತು ಮಾತಿಗೂ ರೇಗ್ತಾನೆ, ಕೊಬ್ಬು' ಎಂದು ನಾವು ಬೈಯುವ ಹುಡುಗ ಒಳಗೆ ಕುಸಿಯುತ್ತಿರಬಹುದು. ಪ್ರೀತಿಯ ವಸ್ತುಗಳನ್ನು ಹಂಚಿಬಿಡುವುದು, ಗೆಳೆಯರನ್ನು ತೊರೆಯುವುದು, ಕೈಯ ಮೇಲಿನ ಗಾಯ ಮುಚ್ಚಲು ಸೆಖೆಯಲ್ಲೂ ತುಂಬುತೋಳು ತೊಡುವುದು, 'ನಾನಿಲ್ದಿದ್ರೆ ನಿಮ್ಗೆಲ್ಲಾ ಆರಾಮ' ಎನ್ನುವುದು, ಇವು ಆ ದಿನವೇ ವಿಚಾರಿಸಬೇಕಾದ ಸಂಗತಿಗಳು. ಹಿಂದೆ ಒಮ್ಮೆ ಪ್ರಯತ್ನಿಸಿದ ಮಗುವಾಗಿದ್ದರೆ ಅಪಾಯ ಇನ್ನೂ ಹೆಚ್ಚು.

ವಂಶದ ಮಾತೂ ಇದೆ. ರಕ್ತಸಂಬಂಧಿಗಳಲ್ಲಿ ಯಾರಾದರೂ ಹೀಗೆ ಹೋಗಿದ್ದರೆ ಮಕ್ಕಳಲ್ಲಿ ಅಪಾಯ ಸ್ವಲ್ಪ ಹೆಚ್ಚುತ್ತದೆ. ಹಣೆಬರಹವೆಂದಲ್ಲ, ಸಕ್ಕರೆ ಕಾಯಿಲೆಯ ಮನೆತನದವರು ಸಿಹಿಯಲ್ಲಿ ಎಚ್ಚರವಿರುವಂತೆ ಇಲ್ಲೂ ಎಚ್ಚರವಿರಬೇಕು, ಅಷ್ಟೆ. ನಮ್ಮ ಕಡೆ ಇಂಥ ಸಾವುಗಳನ್ನು 'ಹೊಟ್ಟೆನೋವಿತ್ತು' ಎಂದು ಮುಚ್ಚಿಡುವುದು ವಾಡಿಕೆ. ಊರಿಗೆ ಮುಚ್ಚಿಡಿ, ವೈದ್ಯರಿಗೆ ಹೇಳಿ.

ಇನ್ನು, ಕೇಳಿದರೆ ಇಲ್ಲದ ಯೋಚನೆಯನ್ನು ನಾವೇ ತಲೆಗೆ ಹಾಕಿದಂತಾಗುವುದಿಲ್ಲವೇ? ಬಂದ ತಂದೆಯೂ ಇದನ್ನೇ ಕೇಳಿದರು. ಇಲ್ಲ. ನ್ಯೂಯಾರ್ಕ್ ರಾಜ್ಯದ ಆರು ಪ್ರೌಢಶಾಲೆಗಳ ಎರಡು ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳಲ್ಲಿ ಇದನ್ನು ಪರೀಕ್ಷಿಸಿ 2005ರಲ್ಲಿ ಪ್ರಕಟಿಸಿದ್ದಾರೆ. ನೇರವಾಗಿ ಕೇಳಿಸಿಕೊಂಡ ಮಕ್ಕಳಲ್ಲಿ ಸಂಕಟ ಹೆಚ್ಚಲಿಲ್ಲ. ಮೊದಲೇ ನೊಂದಿದ್ದವರಿಗೆ ತುಸು ಹಗುರವೇ ಆಯಿತು. ಕೇಳುವ ಜಾಗವೂ ಮುಖ್ಯ. ಎದುರು ಕೂರಿಸಿಕೊಂಡು ವಿಚಾರಣೆ ಮಾಡಬೇಡಿ. ತೋಟಕ್ಕೆ ಹೋಗುವಾಗ, ಜೀಪಿನಲ್ಲಿ ಪಕ್ಕದಲ್ಲಿ ಕೂತಾಗ, ಕಾಫಿ ಕುದಿಸುವಾಗ ಕೇಳಿ. ಉತ್ತರ ಬಂದಾಗ 'ನಿಂಗೇನ್ ಕಮ್ಮಿ ಮಾಡಿದೀವಿ' ಎಂಬ ಮಾತನ್ನು ಮಾತ್ರ ನುಂಗಿಕೊಳ್ಳಿ. ಆನೆ ಬಂದಿದೆಯೆಂದು ಸಂಜೆಗೇ ಬಾಗಿಲು ಹಾಕಿಕೊಳ್ಳುವ ನಮ್ಮ ಎಷ್ಟೋ ಹಳ್ಳಿಗಳಲ್ಲಿ ಆ ಹೊತ್ತಿನ ಮೇಲೆ ಮಗುವಿಗೆ ಮನೆಯವರ ಹೊರತು ಮಾತನಾಡಲು ಬೇರೆ ಯಾರೂ ಇರುವುದಿಲ್ಲ.

ಮಗು ಹೌದು ಎಂದರೆ

ಒಂಟಿಯಾಗಿ ಬಿಡಬೇಡಿ. ತೋಟದ ಔಷಧಿ, ಮನೆಯ ಮಾತ್ರೆಗಳು, ಕೋವಿ, ಇವೆಲ್ಲ ಆ ದಿನವೇ ಬೀಗದೊಳಗೆ ಹೋಗಲಿ, ಬೀಗದ ಕೈ ದೊಡ್ಡವರ ಸೊಂಟದಲ್ಲಿರಲಿ. ಮನೆಯಲ್ಲಿ ಇಡುವ ಅಗತ್ಯವಿಲ್ಲದ್ದನ್ನು ಇಡಲೇಬೇಡಿ. ಇದು ಸಣ್ಣ ಮಾತೆಂದು ತಿಳಿಯಬೇಡಿ. ಈ ವಯಸ್ಸಿನಲ್ಲಿ ದುಡುಕನ್ನು ತಡೆಯುವ ಮಿದುಳಿನ ಮುಂಭಾಗ ಇನ್ನೂ ಬಲಿತಿರುವುದಿಲ್ಲ, ಇಪ್ಪತ್ತು ದಾಟಿದ ಮೇಲೂ ಅದು ಬೆಳೆಯುತ್ತಿರುತ್ತದೆ. ದುಡುಕಿನ ಗಳಿಗೆ ಬಹಳ ಸಲ ಅಲ್ಪಕಾಲದ್ದು. ಅದು ಕಳೆಯುವವರೆಗೆ ಕೈಗೆ ಏನೂ ಎಟುಕದಿದ್ದರೆ ಜೀವ ಉಳಿಯುತ್ತದೆ. ಶ್ರೀಲಂಕಾ ಅತಿ ಅಪಾಯಕಾರಿ ಕೃಷಿ ವಿಷಗಳನ್ನು ಒಂದೊಂದಾಗಿ ನಿಷೇಧಿಸಿದ ಮೇಲೆ ಅಲ್ಲಿಯ ಇಂಥ ಸಾವುಗಳ ಪ್ರಮಾಣ ಎರಡು ದಶಕಗಳಲ್ಲಿ ಅರ್ಧಕ್ಕಿಂತಲೂ ಕೆಳಗಿಳಿಯಿತು. ತಮಿಳುನಾಡಿನಲ್ಲಿ ಡಾ. ಲಕ್ಷ್ಮೀ ವಿಜಯಕುಮಾರ್ ಅವರ ತಂಡ ಹಳ್ಳಿಯ ರೈತರಿಗೆಲ್ಲ ಸೇರಿ ಒಂದೇ ಕಡೆ ಬೀಗದ ಪೆಟ್ಟಿಗೆಗಳನ್ನಿಟ್ಟು ಇದೇ ದಾರಿಯಲ್ಲಿ ಪ್ರಯೋಗ ನಡೆಸಿದೆ. ನಮ್ಮ ಬೆಳೆಗಾರರ ಸಂಘಗಳು ಇದನ್ನು ಯೋಚಿಸಬಾರದೇಕೆ?

ಅನಂತರ ವೈದ್ಯರು. ಹಾಸನದ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲಿ ಮನೋವೈದ್ಯ ವಿಭಾಗವಿದೆ. ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ದಿನ ಯಾವುದೆಂದು ಅಲ್ಲಿಯೇ ವಿಚಾರಿಸಿ. ಹದಿಹರೆಯದವರಿಗೆಂದೇ ಇರುವ ಸ್ನೇಹ ಕ್ಲಿನಿಕ್ ಬಗ್ಗೆಯೂ ಕೇಳಿ. ರಾತ್ರಿ ಹಗಲೆನ್ನದೆ ಯಾವ ಹೊತ್ತಿನಲ್ಲಾದರೂ 14416ಕ್ಕೆ ಫೋನ್ ಮಾಡಬಹುದು. ಇದು 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಸರ್ಕಾರದ ಟೆಲಿ ಮಾನಸ್ ಸೇವೆ. ಉಚಿತ, ಕನ್ನಡದಲ್ಲೇ ಮಾತನಾಡುತ್ತಾರೆ. ಮಕ್ಕಳೇ ನೇರವಾಗಿ ಮಾಡಲು 1098 ಇದೆ. ಮನೆಯೊಳಗೆ ಸಿಗ್ನಲ್ ಸಿಗದವರು, ಯಾವ ದಿಬ್ಬದ ಮೇಲೆ ಸಿಗುತ್ತದೆಂದು ಮೊದಲೇ ನೋಡಿಟ್ಟುಕೊಳ್ಳಿ. ಜೀವಕ್ಕೆ ಈಗಲೇ ಅಪಾಯವೆನಿಸಿದರೆ ಫೋನು, ದಿನ ಎಂದು ಕಾಯದೆ ಹತ್ತಿರದ ಆಸ್ಪತ್ರೆಗೆ ಕರೆದೊಯ್ಯಿರಿ.

ಮಾತ್ರೆ ಬರೆದುಕೊಟ್ಟರೆ ಹೆದರಬೇಡಿ. ಆದರೆ ಖಿನ್ನತೆಯ ಮಾತ್ರೆಗಳನ್ನು ಎಳೆಯರಿಗೆ ಆರಂಭಿಸಿದ ಮೊದಲ ಕೆಲವು ವಾರ ಮನೆಯವರ ಕಣ್ಣು ಅವರ ಮೇಲಿರಬೇಕು. ಕೆಲವರಲ್ಲಿ ಚಡಪಡಿಕೆ ಮತ್ತು ಅದೇ ಯೋಚನೆಗಳು ಹೆಚ್ಚಬಹುದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2004ರಲ್ಲೇ ಎಚ್ಚರಿಸಿದೆ. ಹಾಗಾದರೆ ವೈದ್ಯರಿಗೆ ತಿಳಿಸಿ, ನೀವಾಗಿಯೇ ನಿಲ್ಲಿಸಬೇಡಿ.

ಪೊಲೀಸ್ ಕೇಸಾಗುತ್ತದೆಂಬ ಭಯದಿಂದ ಮಗುವನ್ನು ಆಸ್ಪತ್ರೆಗೆ ತರಲು ತಡಮಾಡುವವರನ್ನು ಈಗಲೂ ಕಾಣುತ್ತೇನೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ ಹೀಗೆ ಪ್ರಯತ್ನಿಸಿದವರನ್ನು ತೀವ್ರ ಒತ್ತಡದಲ್ಲಿದ್ದವರೆಂದೇ ಭಾವಿಸಬೇಕು, ಅವರ ಆರೈಕೆ ಸರ್ಕಾರದ ಕರ್ತವ್ಯ. 2024ರ ಜುಲೈಯಲ್ಲಿ ಜಾರಿಗೆ ಬಂದ ಹೊಸ ಅಪರಾಧ ಸಂಹಿತೆಯಲ್ಲಿ ಹಳೆಯ 309ನೇ ಕಲಮು ಇಲ್ಲ.

ಇನ್ನು ಪರೀಕ್ಷೆಯ ಮಾತು. 2022ರಲ್ಲಿ ದೇಶದಲ್ಲಿ 13 ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳು ಹೀಗೆ ಪ್ರಾಣ ಕಳೆದುಕೊಂಡರೆಂದು ಸರ್ಕಾರದ ಅಪರಾಧ ದಾಖಲೆಗಳು ಹೇಳುತ್ತವೆ. ಎಲ್ಲರಿಗೂ ಅಂಕವೇ ಕಾರಣವಲ್ಲ. ಆದರೂ ನಮ್ಮ ರಾಜ್ಯದಲ್ಲಿ ಎಸ್ಸೆಸ್ಸೆಲ್ಸಿ, ಪಿಯುಸಿ ಮಕ್ಕಳಿಗೆ ಒಂದೇ ವರ್ಷದಲ್ಲಿ ಮತ್ತೆ ಬರೆಯುವ ಅವಕಾಶವಿದೆ ಎಂಬುದನ್ನು ಫಲಿತಾಂಶ ಬಂದ ಮೇಲಲ್ಲ, ಬರುವ ಮೊದಲೇ ಮಗುವಿಗೆ ಹೇಳಿ.

ಆಲೂರಿನ ಆ ಹುಡುಗನ ರಕ್ತ ಪರೀಕ್ಷೆಯನ್ನೂ ಮಾಡಿಸಿದೆ. ಹಿಮೋಗ್ಲೋಬಿನ್ 13.4, ಥೈರಾಯ್ಡ್ ಸರಿಯಿತ್ತು. ವರದಿ ನೋಡಲು ಬಂದ ದಿನ ತಂದೆ ಮಗನೊಡನೆ ಒಟ್ಟಿಗೇ ಒಳಗೆ ಬಂದರು. ಹಿಂದಿನ ಸಂಜೆ ಮೆಣಸಿನ ಬಳ್ಳಿ ನೋಡಲು ಹೋದಾಗ ಕೇಳಿದರಂತೆ. ಹುಡುಗ ವಿಜ್ಞಾನ ವಿಭಾಗ ತನ್ನಿಂದಾಗದೆಂದು ನಾಲ್ಕು ತಿಂಗಳಿಂದ ನುಂಗಿಕೊಂಡಿದ್ದ, ಸಾಯುವ ಯೋಚನೆ ಒಂದೆರಡು ಸಲ ಬಂದಿತ್ತೆಂದೂ ಹೇಳಿದ್ದಾನೆ. ಹಾಸನದ ಮನೋವೈದ್ಯರಿಗೆ ಚೀಟಿ ಬರೆದುಕೊಟ್ಟೆ. ಈವರೆಗೆ ಮೂರು ಸಲ ಹೋಗಿ ಬಂದಿದ್ದಾರೆ. ಔಷಧಿ ಕೋಣೆಯ ಬೀಗದ ಕೈ ಈಗ ಅವನ ಅಮ್ಮನ ಹತ್ತಿರವಿದೆ.